ಮೂವತ್ತು ದಿನ ನೋಟಿಸ್ ಬೋರ್ಡಿನಲ್ಲಿ: ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತಂಗಿಯ ಮದುವೆ

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಕೌಂಟರಿನಲ್ಲಿದ್ದ ಮೇಡಂಗೆ. ಅರ್ಧ, ಅಷ್ಟು ಜನರ ನಡುವೆಯೂ ಓಡುತ್ತಿದ್ದ ಆ ಒಂದೇ ಫ್ಯಾನಿಗೆ.

ಹೋಟೆಲ್ಲು, ಗ್ಯಾರೇಜು, ಪ್ಯಾಕರ್ಸ್ ಅಂಡ್ ಮೂವರ್ಸ್ ಎಲ್ಲದಕ್ಕೂ ರಿವ್ಯೂ ಬರೆದಿದ್ದೇನೆ. ಸರ್ಕಾರಿ ಕಚೇರಿಗೆ ಬರೆಯುವುದು ಇದೇ ಮೊದಲು. ಬೆಂಗಳೂರಿನ ಯಾವ ಕಚೇರಿ ಅಂತ ಹೇಳಲ್ಲ, ಯಾಕೆಂದರೆ ನಮ್ಮ ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ, ಇನ್ನೊಂದು ಸಲ ಅದೇ ಕೌಂಟರಿನ ಮುಂದೆ ಹೋಗಿ ನಿಲ್ಲಬೇಕು. ಸೇವೆ ಯಾವುದು ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯ ಅಡಿಯಲ್ಲಿ ಮದುವೆ. ಜನ ಇದನ್ನು ಸುಮ್ನೆ ‘ರಿಜಿಸ್ಟರ್ ಮ್ಯಾರೇಜ್’ ಅನ್ನುತ್ತಾರೆ. ಅದೇ ಮೊದಲ ತಪ್ಪು, ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಮದುವೆ ನನ್ನದಲ್ಲ, ತಂಗಿಯದು. ನಮ್ಮೂರು ಮದ್ದೂರಿನ ಹತ್ತಿರ. ಹುಡುಗ ಚನ್ನಪಟ್ಟಣದವನು, ಮುಸ್ಲಿಮ್. ಅವರಪ್ಪ ಹಾಲೆ ಮರ ಕಡೆದು ಅರಗಿನ ಬಣ್ಣದ ಗೊಂಬೆ ಮಾಡುವವರು. ಎರಡೂರಿಗೂ ನಡುವೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಅಷ್ಟೇ, ಒಂದೇ ರೈಲು, ಒಂದೇ ಮೈಸೂರು ರಸ್ತೆ. ಆದರೂ ಇಬ್ಬರಿಗೂ ಪರಿಚಯವಾಗಿದ್ದು ಬೆಂಗಳೂರಿನ ಆಫೀಸೊಂದರ ಕ್ಯಾಂಟೀನಿನಲ್ಲಿ.

ಎರಡೂ ಮನೆಯವರು ಹೇಳಿದ್ದು ಒಂದೇ ಮಾತು, ಭಾಷೆ ಮಾತ್ರ ಬೇರೆ. ನಮ್ಮ ಕಡೆ ‘ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ಹುಡುಗ ಹೆಸರು ಬದಲಾಯಿಸಿಕೊಳ್ಳಲಿ’. ಅವರ ಕಡೆ ‘ನಿಕಾಹ್ ಆಗಲಿ, ಹುಡುಗಿ ಹೆಸರು ಬದಲಾಯಿಸಿಕೊಳ್ಳಲಿ’. ಇವರಿಬ್ಬರೂ ‘ನಾವು ನಾವಾಗೇ ಇರ್ತೀವಿ’ ಅಂದರು. ಹಾಗಂದವರಿಗೆ ಈ ದೇಶದಲ್ಲಿ ಇರುವ ಬಾಗಿಲು ಇದೊಂದೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡು ಹೆಣ್ಣು ಇಬ್ಬರೂ ಹಿಂದೂಗಳಾಗಿರಬೇಕು (ಬೌದ್ಧ, ಜೈನ, ಸಿಖ್ಖರೂ ಅದರೊಳಗೇ ಬರುತ್ತಾರೆ). ಹಿಂದೂ ಹುಡುಗಿ, ಕ್ರಿಶ್ಚಿಯನ್ ಹುಡುಗ ಆ ಕಾಯ್ದೆಯಡಿ ಆದ ಮದುವೆ ನಿಲ್ಲುವುದಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನು ಹುಡುಗಿ ಮತಾಂತರವಾಗದೆ ನಿಕಾಹ್ ಮಾಡಿಕೊಂಡರೆ? ಅದು ಕ್ರಮ ತಪ್ಪಿದ ಮದುವೆ, ಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಹಕ್ಕಿದೆ, ಹೆಂಡತಿಗೆ ಇಲ್ಲ, ಇದು 2019ರ ತೀರ್ಪು. ಹಾಗಾಗಿ ದೇವಸ್ಥಾನವೂ ಆಗಲಿಲ್ಲ, ಮಸೀದಿಯೂ ಆಗಲಿಲ್ಲ, ಸೈಟು ರಿಜಿಸ್ಟರ್ ಮಾಡಿಸುವ ಆಫೀಸಿಗೆ ಬಂದೆವು.

ಇದೇ ಇಲಾಖೆಯ ಇಂಥದ್ದೇ ಕಚೇರಿಗೆ ನಾನು 2017ರಲ್ಲೂ ಹೋಗಿದ್ದೆ, ನನ್ನ ಸ್ವಂತ ಮದುವೆಗೆ. ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟಿ ಆಗಿತ್ತು. ಲಗ್ನಪತ್ರಿಕೆ, ಮದುವೆ ಫೋಟೊ, ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಸಾಕ್ಷಿಗೆ ಇಬ್ಬರು ಮಾವಂದಿರು ಮತ್ತು ಒಬ್ಬ ಗೆಳೆಯ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆವು. ‘ನಿಮ್ಮ ಮದುವೆಗೆ ಯಾರದಾದರೂ ತಕರಾರಿದೆಯಾ’ ಅಂತ ಯಾರೂ ಕೇಳಲಿಲ್ಲ. ಪುರೋಹಿತರು ಮಾಡಿಸಿದ್ದಾರೆ ಅಂದಮೇಲೆ ಮುಗೀತು. ಅದು ಆಗಿಹೋದ ಮದುವೆಯ ನೋಂದಣಿ. ತಂಗಿಯದು ಹಾಗಲ್ಲ, ಮದುವೆ ನಡೆಯುವುದೇ ಅಧಿಕಾರಿಯ ಮುಂದೆ. ಜನ ಎರಡಕ್ಕೂ ರಿಜಿಸ್ಟರ್ ಮ್ಯಾರೇಜ್ ಅನ್ನುವುದರಿಂದ ನಾವೂ ಅದೇ ಲೆಕ್ಕದಲ್ಲಿ ಒಂದು ದಿನ ರಜೆ ಹಾಕಿ ಹೋದೆವು.

ಹೋದ ದಿನ ಸರ್ವರ್ ಡೌನ್. ಅದಕ್ಕೆ ಸ್ಟಾರ್ ಕಳೆಯಲ್ಲ, ಬೆಂಗಳೂರಿನಲ್ಲಿದ್ದುಕೊಂಡು ಅದಕ್ಕೆಲ್ಲ ಬೇಜಾರು ಮಾಡಿಕೊಂಡರೆ ಬದುಕೋಕಾಗಲ್ಲ. ಹೊರಗೆ ಜೆರಾಕ್ಸ್ ಅಂಗಡಿ ಪಕ್ಕ ನಿಂತಿದ್ದ ಬ್ರೋಕರ್ ನಮ್ಮ ಆಧಾರ್ ಕಾರ್ಡುಗಳನ್ನು ನೋಡಿದ, ಒಂದು ಹೆಸರು ಓದಿದ, ಇನ್ನೊಂದು ಹೆಸರು ಓದಿದ. ನಾನು ಪಕ್ಕದಲ್ಲಿದ್ದವರಿಗೆ ಆತ ಮೂರು ಸಾವಿರ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ನಮಗೆ ಎಂಟು ಸಾವಿರ ಅಂದ. ‘ನಿಮ್ದು ಸ್ಪೆಷಲ್ ಅಲ್ವಾ ಸರ್.’

ಒಳಗೆ ಮೇಡಂ ಫಾರಂ ಕೊಟ್ಟು ಹೇಳಿದರು: ಇವತ್ತು ನೋಟಿಸ್ ಕೊಡಿ, ಇಬ್ಬರಲ್ಲಿ ಒಬ್ಬರಾದರೂ ಮೂವತ್ತು ದಿನದಿಂದ ಈ ಜಿಲ್ಲೆಯಲ್ಲಿ ವಾಸ ಇದ್ದೀರಿ ಅನ್ನೋದಕ್ಕೆ ದಾಖಲೆ ಕೊಡಿ, ನೋಟಿಸ್ ಬೋರ್ಡಿಗೆ ಹಾಕ್ತೀವಿ, ಮೂವತ್ತು ದಿನ ಆದ್ಮೇಲೆ ಬನ್ನಿ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮಾಡ್ಕೊಳ್ಳಿ, ಇಲ್ಲ ಅಂದ್ರೆ ಮತ್ತೆ ಮೊದಲಿಂದ.

ನಾನು ಸ್ವಲ್ಪ ಓದಿಕೊಂಡು ಹೋಗಿದ್ದೆ. ಹೀಗೆ ಬೋರ್ಡಿಗೆ ಹಾಕುವುದು ಕಡ್ಡಾಯವಲ್ಲ, ಜೋಡಿ ಬೇಡ ಅಂದರೆ ಹಾಕಬೇಕಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಹೇಳಿದೆ ಅಂದೆ. ಮೇಡಂ ಫಾರಂಗೆ ಸೀಲು ಒತ್ತುತ್ತಲೇ ‘ಅದು ಅಲಹಾಬಾದು ಸರ್, ಇದು ಬೆಂಗಳೂರು’ ಅಂದರು. ಕೋಪದಿಂದ ಅಲ್ಲ, ದಾರಿ ಕೇಳಿದವರಿಗೆ ಹೇಳುತ್ತಾರಲ್ಲ, ಹಾಗೆ.

ಮನೆಗೆ ಬಂದು ಅಮ್ಮನಿಗೆ ಮೂವತ್ತು ದಿನ ಕಾಯಬೇಕು ಅಂದೆ. ಅಮ್ಮ ಅಲ್ಲಿಯವರೆಗೆ ಈ ಮದುವೆಯ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅವತ್ತು ಕ್ಯಾಲೆಂಡರ್ ನೋಡಿ ‘ಹೇಗೂ ಆಷಾಢ. ಕಾಯ್ಲಿ ಬಿಡು’ ಅಂದರು. ಅಷ್ಟಕ್ಕೇ ತಂಗಿ ರೂಮಿಗೆ ಹೋಗಿ ಅತ್ತಳು.

ಈಗ ಬೋರ್ಡಿನ ವಿಷಯ. ಕಾರಿಡಾರಿನ ತುದಿಯಲ್ಲಿ, ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಮರದ ಪೆಟ್ಟಿಗೆ, ಮುಂದೆ ಕೋಳಿ ಗೂಡಿನ ಥರ ತಂತಿ ಜಾಲರಿ, ಅದಕ್ಕೊಂದು ಬೀಗ. ಒಳಗೆ ಹಸಿರು ಬಟ್ಟೆ, ಅದರ ಮೇಲೆ ಎ-ಫೋರ್ ಹಾಳೆಗಳು. ಪ್ರತಿ ಹಾಳೆಯಲ್ಲೂ ಎರಡು ಪಾಸ್‌ಪೋರ್ಟ್ ಫೋಟೊ, ಹೆಸರು, ವಯಸ್ಸು, ಕೆಲಸ, ಈಗಿನ ವಿಳಾಸ, ಕಾಯಂ ವಿಳಾಸ. ನನ್ನ ತಂಗಿ ಬಾಡಿಗೆಗಿರುವ ಮನೆಯ ನಂಬರು, ಕ್ರಾಸು, ಮೇನು ಎಲ್ಲ ಅಲ್ಲಿತ್ತು. ಫ್ಲಾಟಿನ ಬಾಗಿಲಲ್ಲಿ ಹೆಸರು ಹಾಕಿಕೊಳ್ಳಲೂ ಹೆದರುವ ಹುಡುಗಿ ಅವಳು. ಇಷ್ಟೇ ಅಲ್ಲ, ನೋಟಿಸುಗಳನ್ನು ಅಂಟಿಸಿಡುವ ಒಂದು ಪುಸ್ತಕ ಇರುತ್ತದೆ. ಅದನ್ನು ಯಾರು ಬೇಕಾದರೂ ಬಂದು ನೋಡಬಹುದು, ಫೀಸಿಲ್ಲ. ಸರ್ಕಾರಿ ಕಚೇರಿಯಲ್ಲಿ ದುಡ್ಡಿಲ್ಲದೆ ಸಿಗುವ ಸೇವೆ ಇದೊಂದೇ ಇರಬೇಕು.

ಬೆಂಗಳೂರಿನ ಬೋರ್ಡಿಗೆ ನಾನು ಅಷ್ಟೇನೂ ಹೆದರಿರಲಿಲ್ಲ. ಅಲ್ಲಿಗೆ ಬರುವವರೆಲ್ಲ ಸೇಲ್ ಡೀಡು, ಇಸಿ ಅಂತ ಆಸ್ತಿ ಕಾಗದಗಳಿಗೆ ತಲೆ ಕೆಡಿಸಿಕೊಂಡವರು, ಬೇರೆಯವರ ಮದುವೆ ಕಟ್ಟಿಕೊಂಡು ಅವರಿಗೇನಾಗಬೇಕು. ಆದರೆ ಕಾಯ್ದೆಯಲ್ಲಿ ಇನ್ನೊಂದು ಕೊಕ್ಕೆ ಇದೆ. ಹುಡುಗನ ಅಥವಾ ಹುಡುಗಿಯ ಕಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ ಅಲ್ಲಿನ ವಿವಾಹಾಧಿಕಾರಿಗೂ ಒಂದು ಪ್ರತಿ ಹೋಗುತ್ತದೆ, ಅವರೂ ತಮ್ಮ ಬೋರ್ಡಿಗೆ ಹಾಕಬೇಕು. ಬೆಂಗಳೂರಿನಲ್ಲಿ ಯಾರೂ ನೋಡಲಿಲ್ಲ. ಊರಿನ ಕಡೆ ಊರಿಗೆ ಊರೇ ನೋಡಿತು. ಎರಡನೇ ದಿನ ಹುಡುಗನ ಅಪ್ಪನ ಅಂಗಡಿಗೆ ಮೂವರು ಹಿರಿಯರು ಬಂದು ಟೀ ಕುಡಿದು, ಗೊಂಬೆ ವ್ಯಾಪಾರ ಹೇಗಿದೆ ಅಂತ ವಿಚಾರಿಸಿ, ಎದ್ದು ಹೋಗುವಾಗ ಆ ಹಾಳೆಯ ಫೋಟೊ ಮೊಬೈಲಿನಲ್ಲಿ ತೋರಿಸಿ ಹೋದರಂತೆ. ಮೂರನೇ ದಿನ ಅದೇ ಫೋಟೊ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬಂತು. ಹಾಕಿದವರು ದೊಡ್ಡಪ್ಪ.

ದೊಡ್ಡಪ್ಪನ ಬಗ್ಗೆ ಒಂದು ಮಾತು. ಆ ಗ್ರೂಪಿನಲ್ಲಿ ‘ಒಂದು ದೇಶ, ಒಂದೇ ಕಾನೂನು’ ಅಂತ ಅತಿ ಹೆಚ್ಚು ಮೆಸೇಜ್ ಹಾಕುವವರು ಅವರೇ. 2025ರ ಜನವರಿಯಲ್ಲಿ ಉತ್ತರಾಖಂಡದಲ್ಲಿ ಏಕರೂಪ ನಾಗರಿಕ ಸಂಹಿತೆ ಜಾರಿಯಾದ ದಿನ ಪಟಾಕಿಯ ಚಿತ್ರ ಹಾಕಿದ್ದರು. ಈಗ ಅವರೇ ಆಕ್ಷೇಪಣೆ ಕೊಡಲು ಮದ್ದೂರಿನಿಂದ ಬಸ್ಸು ಹತ್ತಿದರು. ಕೆಂಗೇರಿಯಲ್ಲಿ ಇಳಿದು ದಾರಿ ಗೊತ್ತಾಗದೆ ನನಗೇ ಫೋನ್ ಮಾಡಿದರು. ಏನು ಮಾಡಲಿ, ದೊಡ್ಡವರನ್ನು ಬೀದಿಯಲ್ಲಿ ಬಿಡೋಕಾಗುತ್ತಾ? ನನ್ನ ಸ್ಕೂಟರಿನಲ್ಲೇ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಸಿಗ್ನಲ್ಲಿನಲ್ಲಿ ಒಂದು ಸಲ ‘ಹೆಲ್ಮೆಟ್ ಬಿಗಿಯಾಯ್ತು ಕಣೋ’ ಅಂದರು.

ಮೇಡಂ ಅವರ ಕಾಗದವನ್ನು ಮೊದಲಿಂದ ಕೊನೆವರೆಗೂ ಓದಿದರು. ಎರಡು ಪುಟ, ಕುಲ, ಮಾನ, ಮರ್ಯಾದೆ ಎಲ್ಲ ಇತ್ತು.

‘ಯಜಮಾನ್ರೇ, ಹುಡುಗನಿಗೆ ಮೊದಲೇ ಹೆಂಡ್ತಿ ಇದ್ದಾಳಾ?’

‘ಇಲ್ಲಮ್ಮ.’

‘ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ವಾ?’

‘ಅವಳಿಗೆ ಇಪ್ಪತ್ತೆಂಟು.’

‘ಇಬ್ಬರಲ್ಲಿ ಯಾರಿಗಾದ್ರೂ ಬುದ್ಧಿ ಸ್ಥಿಮಿತ ಇಲ್ವಾ?’

‘ಇಬ್ರೂ ಇಂಜಿನಿಯರು. ಬುದ್ಧಿ ಎಲ್ಲಿದೆ’ ಅಂದರು ದೊಡ್ಡಪ್ಪ. ಪಕ್ಕದ ಮೇಜಿನವರು ನಕ್ಕರು.

‘ಕೊನೇದು. ಹತ್ತಿರದ ರಕ್ತಸಂಬಂಧಾನಾ? ಅಕ್ಕನ ಮಗಳು, ಸೋದರಮಾವ, ಆ ಥರ? ಈ ಕಾಯ್ದೇಲಿ ಅದಾಗಲ್ಲ. ಅಂಥ ರೂಢಿ ಇದೆ ಅಂತ ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಒಪ್ಪಿದ್ದರೆ ಮಾತ್ರ ಬಿಡ್ತೀವಿ.’

ದೊಡ್ಡಪ್ಪ ಸುಮ್ಮನಾದರು. ದೊಡ್ಡಮ್ಮ ಅವರ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಇದು ಮಾಮೂಲಿ, ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದವರಿಗೆ ಅದನ್ನು ಒಪ್ಪುತ್ತದೆ. ಅಂದರೆ ಎಲ್ಲರಿಗೂ ಒಂದೇ ಅಳತೆ ಅಂತ ಹಿಡಿದರೆ ಮೊದಲು ತೊಂದರೆಗೆ ಸಿಕ್ಕುವುದು ದೊಡ್ಡಪ್ಪನಂಥವರೇ. ನಾನು ಅವತ್ತು ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಸ್ಕೂಟರಿನಲ್ಲಿ ವಾಪಸ್ ಕರ್ಕೊಂಡು ಹೋಗಬೇಕಿತ್ತಲ್ಲ. ಬೇರೆ ಧರ್ಮ ಅನ್ನೋದು ಆಕ್ಷೇಪಣೆಯೇ ಅಲ್ಲ ಅಂತ ಮೇಡಂ ಕಾಗದ ವಾಪಸ್ ಕೊಟ್ಟರು. ಕಾರಣವಿಲ್ಲದೆ ಆಕ್ಷೇಪಣೆ ಹಾಕಿದವರಿಗೆ ಒಂದು ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು ಅಂತಲೂ ಹೇಳಿದರು. ಆಮೇಲೆ ನೀರಿನ ಬಾಟಲಿ ಮುಂದೆ ತಳ್ಳಿ ‘ಕುಡೀರಿ, ಬಿಸಿಲಲ್ಲಿ ಬಂದಿದ್ದೀರ’ ಅಂದರು. ಆ ಎರಡು ಸ್ಟಾರ್ ಇದಕ್ಕೇ.

ನಾನು ಕೇಳೋದು ಇಷ್ಟೇ. ಎಲ್ಲರಿಗೂ ಒಂದೇ ಕಾನೂನು ಬೇಕಾ ಬೇಡವಾ ಅಂತ ಟಿವಿಯಲ್ಲಿ ದಿನಾ ಕಿತ್ತಾಡುತ್ತಾರೆ. ಆದರೆ ಜಾತಿ ಧರ್ಮ ಕೇಳದೆ ಎಲ್ಲರಿಗೂ ಒಂದೇ ಆದ ಮದುವೆ ಕಾನೂನು 1954ರಿಂದಲೂ ಇದೆ. ಬೇಕಾದವರು ಬರಬಹುದು, ಬೇಡದವರು ಅವರವರ ಪುರೋಹಿತರು, ಖಾಜಿ, ಪಾದ್ರಿಗಳ ಹತ್ತಿರ ಹೋಗಬಹುದು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಏಕರೂಪ ನಾಗರಿಕ ಸಂಹಿತೆಯ ಚರ್ಚೆ ಬಂದಾಗ ಅಂಬೇಡ್ಕರ್ ಅವರೂ ಇಂಥದ್ದೇ ದಾರಿ ಹೇಳಿದ್ದರು: ಮುಂದಿನ ಸಂಸತ್ತು ಬೇಕಾದರೆ ಮೊದಲು ಅದನ್ನು ಒಪ್ಪಿಕೊಂಡವರಿಗೆ ಮಾತ್ರ ಅನ್ವಯಿಸುವ ಹಾಗೆ ಮಾಡಬಹುದು ಅಂತ. ಹಾಗೆ ತಾವಾಗಿ ಒಪ್ಪಿಕೊಂಡು ಬರುವವರನ್ನು ನಾವು ನಡೆಸಿಕೊಳ್ಳುವುದು ಹೇಗೆ? ಫೋಟೊ ತೆಗೆದು ಟಾಯ್ಲೆಟ್ ದಾರಿಯಲ್ಲಿ ನೇತುಹಾಕಿ, ಯಾರದಾದರೂ ತಕರಾರಿದೆಯಾ ಅಂತ ಒಂದು ತಿಂಗಳು ಕೇಳುತ್ತೇವೆ. ನನ್ನ ಮದುವೆಯಲ್ಲಿ ಸರ್ಕಾರ ಪುರೋಹಿತರನ್ನು ನಂಬಿತು. ತಂಗಿಯ ಮದುವೆಯಲ್ಲಿ ಇಬ್ಬರು ದೊಡ್ಡ ಮಕ್ಕಳ ಮಾತು ಸಾಕಾಗಲಿಲ್ಲ. (ಚರ್ಚಿನಲ್ಲೂ ಮದುವೆಗೆ ಮೊದಲು ಹೆಸರು ಓದಿ ತಕರಾರಿದ್ದರೆ ಹೇಳಿ ಅನ್ನುತ್ತಾರೆ ಅಂತ ಸಾಕ್ಷಿಗೆ ಬಂದಿದ್ದ ತಂಗಿಯ ಗೆಳತಿ ಹೇಳಿದಳು. ಇರಬಹುದು. ಆದರೆ ಅಲ್ಲಿ ಕೇಳಿಸಿಕೊಳ್ಳುವವರು ನಾಳೆ ಮದುವೆ ಊಟಕ್ಕೆ ಬರುವವರು.)

ಕಾಯ್ದೆಗೆ ಸಲ್ಲಬೇಕಾದ ಮೆಚ್ಚುಗೆಯನ್ನೂ ಕೊಡಬೇಕು. ಇದಕ್ಕೂ ಹಿಂದೆ ಬ್ರಿಟಿಷರ ಕಾಲದ 1872ರ ಕಾಯ್ದೆ ಇತ್ತು, ಬಂಗಾಳದ ಸುಧಾರಕ ಕೇಶವಚಂದ್ರ ಸೇನರ ಬ್ರಾಹ್ಮೋ ಸಮಾಜದವರು ಒತ್ತಾಯ ಮಾಡಿ ತರಿಸಿದ್ದು. ಅದರಲ್ಲಿ ಮದುವೆಯಾಗಬೇಕಾದರೆ ನಾನು ಹಿಂದೂ ಅಲ್ಲ, ಮುಸ್ಲಿಮ್ ಅಲ್ಲ, ಕ್ರಿಶ್ಚಿಯನ್ ಅಲ್ಲ ಅಂತ ಬರೆದುಕೊಡಬೇಕಿತ್ತು. 1954ರಲ್ಲಿ ಆ ಕಾಟ ಹೋಯಿತು. ತಂಗಿ ಮದುವೆ ದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿಯೇ ಬಂದಳು, ಹುಡುಗ ನಮಾಜು ಮುಗಿಸಿ ಬಂದ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಹರಳಯ್ಯನ ಮಗ, ಮಧುವರಸನ ಮಗಳ ಮದುವೆಗೆ ರಾಜನೇ ಅಪ್ಪಂದಿರನ್ನು ಕೊಲ್ಲಿಸಿದ ಅನ್ನುವ ಕಥೆ ಕೇಳಿ ಬೆಳೆದವರು ನಾವು. ಆ ಲೆಕ್ಕದಲ್ಲಿ ಸರ್ಕಾರವೇ ಕುರ್ಚಿ ಹಾಕಿ ಕೂರಿಸಿ ಮದುವೆ ಮಾಡಿಸುವುದು ಸಣ್ಣ ವಿಷಯವಲ್ಲ.

ಆದರೆ ಒಂದು ವಿಷಯ ಯಾರೂ ಮೊದಲೇ ಹೇಳಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಯ್ದೆಯ 19ನೇ ಸೆಕ್ಷನ್. ಅವಿಭಕ್ತ ಕುಟುಂಬದ ಹಿಂದೂ (ಬೌದ್ಧ, ಜೈನ, ಸಿಖ್ ಕೂಡ) ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಬೇರೆಯಾದ ಹಾಗೆ. ಇಬ್ಬರೂ ಹಿಂದೂಗಳಾಗಿದ್ದರೆ ಇದು ಅನ್ವಯಿಸಲ್ಲ, 1976ರಲ್ಲಿ ತಿದ್ದುಪಡಿ ಮಾಡಿ ವಿನಾಯಿತಿ ಕೊಟ್ಟರು. ಬೇರೆ ಧರ್ಮದವರನ್ನು ಕಟ್ಟಿಕೊಂಡರೆ ಮಾತ್ರ ಈ ಕತ್ತರಿ. ಪಾಲು ಮುಳುಗಿಹೋಗಲ್ಲ, ಗಾಬರಿ ಬೇಡ. ಆದರೆ ಇನ್ನು ಮುಂದೆ ಅವಳ ಆಸ್ತಿ ಯಾರಿಗೆ ಸೇರಬೇಕು ಅನ್ನೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ. ಮೊದಲೇ ಒಬ್ಬ ವಕೀಲರನ್ನು ಕೇಳಿಕೊಳ್ಳಿ, ನಾವು ಕೇಳಿದ್ದು ತಡವಾಗಿ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ತುಂಬಾ ಹೊತ್ತು ಯೋಚನೆ ಮಾಡಿ, ‘ಅಂದ್ರೆ ನಾನು ಸುಮ್ನಿದ್ರೂ ಸರ್ಕಾರದವರೇ ನನ್ನ ಮಗಳನ್ನ ಮನೆಯಿಂದ ಬೇರೆ ಹಾಕಿದ್ರು ಅನ್ನು’ ಅಂದರು. ಆ ಧ್ವನಿ ಇನ್ನೂ ಕಿವಿಯಲ್ಲಿದೆ. ಅಲ್ಲಿಯವರೆಗೂ ಬೇರೆ ಹಾಕ್ತೀನಿ ಅಂತ ಹೇಳುತ್ತಿದ್ದವರು ಅವರೇ. ಅವತ್ತಿನಿಂದ ಹೇಳುವುದನ್ನು ಬಿಟ್ಟರು.

ಮದುವೆ ದಿನ. ಶ್ರಾವಣ ಬಂದಿತ್ತು, ಶುಕ್ರವಾರ ಬೇಡ ಅಂತ ಅವರ ಕಡೆಯವರು, ಮಂಗಳವಾರ ಬೇಡ ಅಂತ ನಮ್ಮ ಕಡೆಯವರು, ಕೊನೆಗೆ ಬುಧವಾರ. ಮೂರು ಜನ ಸಾಕ್ಷಿ ಬೇಕು: ನಾನು, ತಂಗಿಯ ಗೆಳತಿ, ಹುಡುಗನ ಚಿಕ್ಕಮ್ಮ. ಮೂವರದೂ ಒರಿಜಿನಲ್ ಐಡಿ ತನ್ನಿ, ಜೆರಾಕ್ಸ್ ನೋಡಲ್ಲ. ಟೋಕನ್ ತೆಗೆದುಕೊಂಡು ಎರಡೂವರೆ ಗಂಟೆ ಕಾದೆವು. ನಮ್ಮ ಮುಂದೆ ಒಂದು ಕುಟುಂಬ ತಾತನನ್ನು ವೀಲ್‌ಚೇರಿನಲ್ಲಿ ತಂದು ದಾನಪತ್ರ ಮಾಡಿಸುತ್ತಿತ್ತು, ಹೆಬ್ಬೆಟ್ಟು ಮಷಿನ್ನಿಗೆ ಸಿಗುತ್ತಿರಲಿಲ್ಲ, ಮಗ ಅಪ್ಪನ ಬೆರಳನ್ನು ಮತ್ತೆ ಮತ್ತೆ ಪಂಚೆಗೆ ಒರೆಸುತ್ತಿದ್ದ. ತಂಗಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಾರದ ಕವರ್ ತೊಡೆಯಲ್ಲಿ ಇಟ್ಟುಕೊಂಡು ಕೂತಿದ್ದಳು. ನಮ್ಮ ಟೋಕನ್ ಕೂಗಿದಾಗ ಆ ತಾತ ಅವಳನ್ನು ನೋಡಿ ‘ಒಳ್ಳೇದಾಗ್ಲಿ ಮಗಾ’ ಅಂದರು. ಯಾರು, ಏನು, ಯಾವ ಜನ ಅಂತ ಅವರು ಕೇಳಲಿಲ್ಲ.

ಈ ಕಾಯ್ದೆಯಲ್ಲಿ ಶಾಸ್ತ್ರ ಹೇಗೆ ಬೇಕಾದರೂ ಮಾಡಿಕೊಳ್ಳಬಹುದು, ಮಾಡದೆಯೂ ಇರಬಹುದು. ಒಂದು ಮಾತು ಮಾತ್ರ ಇಬ್ಬರೂ ಹೇಳಲೇಬೇಕು: ನಿನ್ನನ್ನು ನನ್ನ ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ. ಅದೂ ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ. ಅಧಿಕಾರಿ ಇಂಗ್ಲಿಷಿನ ಹಾಳೆ ಕೊಟ್ಟರು. ತಂಗಿ ‘ಸರ್, ಕನ್ನಡದಲ್ಲಿ ಹೇಳ್ತೀನಿ’ ಅಂದಳು. ಹಾಳೆ ಹುಡುಕಿದರು, ಸಿಗಲಿಲ್ಲ. ಕೊನೆಗೆ ಮೇಡಂ ಸೇಲ್ ಡೀಡಿನ ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟರು. ಹುಡುಗ ಓದುವಾಗ ‘ಕಾನೂನುಬದ್ಧ’ದ ಹತ್ತಿರ ಎರಡು ಸಲ ಎಡವಿದ. ಏಳು ನಿಮಿಷಕ್ಕೆ ಎಲ್ಲ ಮುಗಿಯಿತು. ನನ್ನ ಮದುವೆಯಲ್ಲಿ ಪುರೋಹಿತರು ಹೇಳಿದ ಮಂತ್ರಗಳಲ್ಲಿ ನನಗೆ ಒಂದೂ ಅರ್ಥವಾಗಿರಲಿಲ್ಲ, ಇವರಿಗೆ ಆಡಿದ್ದು ಪ್ರತಿ ಮಾತೂ ಗೊತ್ತಿತ್ತು. ಈ ಏಳು ನಿಮಿಷಕ್ಕಾದರೆ ಐದಕ್ಕೆ ಐದು ಕೊಡುತ್ತಿದ್ದೆ.

ಆದರೆ ಹೊರಗೆ ಬಂದರೆ ಎದುರಿಗೆ ಅದೇ ಬೋರ್ಡು, ತಂಗಿಯ ಫೋಟೊ ಇನ್ನೂ ಅಲ್ಲೇ ಇತ್ತು. ಮಳೆಯ ತೇವಕ್ಕೆ ಹಾಳೆ ಸುರುಟಿಕೊಂಡಿತ್ತು. ತೆಗೆದುಬಿಡಿ ಅಂತ ಕೇಳಿದೆವು. ಬೀಗದ ಕೀ ಯಾರ ಹತ್ತಿರ ಇದೆ ಅಂತ ಅವತ್ತು ಯಾರಿಗೂ ಗೊತ್ತಿರಲಿಲ್ಲ.

ಸರ್ಟಿಫಿಕೇಟ್ ಬಂತು. ಹುಡುಗನ ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ, ಪಾಸ್‌ಪೋರ್ಟಿಗೆ ತೊಂದರೆಯಾಗುತ್ತದೆ, ತಿದ್ದಿಸಬೇಕು. ಸರ್ಟಿಫಿಕೇಟಿನ ಪ್ರತಿಗಳನ್ನೂ ಮೂರು ನಾಲ್ಕು ತೆಗೆಸಬೇಕು. ಮುಂದಿನ ವಾರ ಮತ್ತೆ ಹೋಗ್ತೀವಿ. ದೊಡ್ಡಪ್ಪ ತಾವೂ ಬರ್ತೀನಿ ಅಂದಿದ್ದಾರೆ. ‘ಆ ಮೇಡಂ ನಂಗೆ ಪರಿಚಯ ಕಣೋ, ನಾನು ಹೇಳಿದ್ರೆ ಬೇಗ ಮಾಡ್ಕೊಡ್ತಾರೆ’ ಅಂತ.